ರೇಡಿಯೊದಲ್ಲಿ ನಮ್ಮ ಮೆಲುದನಿಯ ಹಾಡು

ಗೆಳೆಯರೇ, ಗಂಗಾವತಿಯ ನಮ್ಮ ರಾಕ್ ಬ್ಯಾಂಡಿನ ಹೊಸ ಹಾಡು ಇವತ್ತು ಬೆಳಿಗ್ಗೆ ರೇಡಿಯೊದಲ್ಲಿ ಬಂತು. ಇಷ್ಟು ವರ್ಷ ಕಿರುಚಿದ ನಾನು ಮೊದಲ ಸಲ ಮೆಲ್ಲಗೆ ಹಾಡಿದ್ದೇನೆ. ಅಭಿಮಾನಿಗಳು ಏನನ್ನುತ್ತಾರೋ ಎಂದು ಫೋನ್ ಹಿಡಿದೇ ಕೂತಿದ್ದೆ. ಒಬ್ಬರೂ ಫೋನ್ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತು. ಅದಕ್ಕೆ ದೊಡ್ಡ ಸ್ಪೀಕರ್ ಕಟ್ಟಿಕೊಂಡು ಊರೆಲ್ಲ ನಮ್ಮ ಹಾಡು ಮೊಳಗಿಸುವ ಯಮನೂರಪ್ಪ, ಜೊತೆಗೆ ಅವನ ಗೆಳೆಯರು. ಸ್ಪೀಕರ್ ಬಂದ್. ಕೈಯಲ್ಲಿ ಚೆಂಡುಹೂವಿನ ಹಾರ. ನನಗೇ ಇರಬೇಕೆಂದು ಕತ್ತು ಬಾಗಿಸಿದೆ. ಅವನು ನನ್ನನ್ನು ದಾಟಿ ಒಳಗೆ ಇಣುಕಿದ.

"ಯಾರು ಹೋದ್ರಣ್ಣ? ಅವ್ವಾರು ಆರಾಮ ಅದಾರಿಲ್ರಿ?"

"ಯಾರೂ ಹೋಗಿಲ್ಲೋ! ಅದು ನಮ್ಮ ಹೊಸ ಹಾಡು."

"ನಮ್ಮೂರಾಗ ಯಾರರ ಸತ್ರ ಮೈಕಿನ್ಯಾಗ ಇಂಥಾ ಹಾಡೇ ಹಚ್ತಾರ್ರಿ. ನೀವು ಒದರಲಾರ್ದ ಹಾಡಿದ್ರ ನಾವೇನು ತಿಳ್ಕೋಬೇಕು?"

ಅಷ್ಟರಲ್ಲಿ ಅವ್ವನೇ ಎಲ್ಲರಿಗೂ ಚಹಾ ತಂದಳು. ಯಮನೂರಪ್ಪ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ಹೋಗ್ಲಿ, ಹಾಡು ಹೆಂಗೈತಿ ಹೇಳ್ರೋ" ಎಂದೆ. ಎಲ್ಲರೂ ಚಹಾ ಊದುತ್ತ ಕೂತರು.

ಹೊರಡುವಾಗ ಯಮನೂರಪ್ಪ ಮಾತ್ರ ಹತ್ತಿರ ಬಂದು, "ಆ ಹಾಡು ಮೊಬೈಲಿಗೆ ಕಳಸ್ರಿ ಅಣ್ಣ. ನಮ್ಮ ಅಜ್ಜಗ ಭಾಳ ಆರಾಮಿಲ್ಲ" ಎಂದ.

ಕಳಿಸಿದ್ದೇನೆ. ಹಾಡು ಊರೆಲ್ಲ ಕೇಳಲಿ ಎಂದು ಬಯಸುವುದಕ್ಕೂ ಈಗ ಭಯ.