ಕತ್ತರಿಸಿದ ಎಡಗಾಲು

“ಈ ಪ್ಯಾಂಟಿನ ಎಡಗಾಲು ಮೊಣಕಾಲಿಗೆ ಕತ್ತರಿಸಿ, ತುದಿ ಮುಚ್ಚಿ ಹೊಲ್ದು ಕೊಡ್ರಿ ಅಕ್ಕಾ” ಎನ್ನುತ್ತಾ ಊರುಗೋಲು ಹಿಡಿದವರೊಬ್ಬರು ಹೊಸ ಜೀನ್ಸನ್ನು ನನ್ನ ಮಿಷಿನ್ ಮೇಲಿಟ್ಟರು. ರಾಯದುರ್ಗದ ನಮ್ಮ ಹೊಲಿಗೆ ಅಂಗಡಿಗೆ ಇಂಥ ಕೆಲಸ ಬಂದಿದ್ದು ಅದೇ ಮೊದಲು.

ಬಾಗಿಲ ಬಳಿಯ ಬೆಂಚಿನಲ್ಲಿ, ಒಂದು ಕಾಲದಲ್ಲಿ ಊರೇ ಹೆಗಲ ಮೇಲೆ ಹೊತ್ತು ಮೆರೆಸಿದ್ದ ಕಬಡ್ಡಿ ಆಟಗಾರ ಬೆಳಿಗ್ಗೆಯೇ ಕುಡಿದು ಕಾಲು ಚಾಚಿ ಕೂತಿದ್ದ. ಆಟದಿಂದ ಸಿಕ್ಕ ಸರ್ಕಾರಿ ನೌಕರಿಯನ್ನೂ ಕುಡಿತಕ್ಕೆ ಕಳೆದುಕೊಂಡವನು. ಎದ್ದು ಹೋಗು ಎಂದರೂ ಹೋಗುವವನಲ್ಲ.

“ಕಾಲಿಗೇನಾತಪಾ?” ಎಂದು ಕೇಳಿದ.

“ಗಡಿಯಾಗ ಡ್ಯೂಟಿ ಮಾಡುವಾಗ ಹೋತ್ರಿ” ಎಂದು ತಿರುಗಿದ ಆ ಸೈನಿಕರು, ಅವನ ಗುರುತು ಹಿಡಿದು ಹಿಗ್ಗಿಬಿಟ್ಟರು. “ಅಣ್ಣಾ, ನೀವೇನ್ರೀ! ನಿಮ್ಮ ಆಟ ನೋಡಾಕ ಗುಮ್ಮಘಟ್ಟದಿಂದ ನಡ್ಕೊಂಡು ಬರ್ತಿದ್ವಿ. ನಿಮ್ಮನ್ನ ನೋಡಿ ಕಾಲು ಗಟ್ಟಿ ಮಾಡ್ಕೊಂಡೇ ನಾನು ಮಿಲ್ಟ್ರಿ ಸೇರಿದ್ದು.”

ಅವನು ಚಾಚಿದ್ದ ಎರಡೂ ಕಾಲುಗಳನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡ.

ದಿನವೂ ಜೀನ್ಸ್ ಚೂರುಗಳನ್ನು ಮೂಟೆ ಕಟ್ಟಿ ಮಾರುವವಳು ನಾನು. ಅವತ್ತು ಕತ್ತರಿಸಿದ ಆ ಎಡಗಾಲನ್ನು ಮಾತ್ರ ಮೂಟೆಗೆ ಹಾಕಲು ಇನ್ನೂ ಕೈ ಬಂದಿಲ್ಲ.