ಕೌದಿ ಹೊಲಿಯುತ್ತಿದ್ದ ವೈನಿ

ಅವಳ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಉಂಗುರದಂತೆ ಒಂದು ಕಪ್ಪು ಗೆರೆ ಇತ್ತು. ತೊಟ್ಟಿಲ ಹಗ್ಗ ತಿಕ್ಕಿ ತಿಕ್ಕಿ ಆದದ್ದು. ಜಂತಿಗೆ ಹಳೆಯ ಸೀರೆ ಕಟ್ಟಿ ಮಾಡಿದ ತೊಟ್ಟಿಲು, ಒಳಗೆ ಸಣ್ಣ ಮಗ. ಅದರ ಹಗ್ಗದ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕೌದಿ ಹರವಿ ಕೂತಳೆಂದರೆ ಕೈ ಹೊಲಿಯುತ್ತಿತ್ತು, ಕಾಲು ತೂಗುತ್ತಿತ್ತು. ಬಾಯಿಗೂ ಬಿಡುವಿರಲಿಲ್ಲ. ದೊಡ್ಡ ಮಗಳಿಂದ ಮಗ್ಗಿ ಹೇಳಿಸಬೇಕು, ನಡುವಿನ ಮಗನನ್ನು ಬೈಯಬೇಕು.

ನಾನು ಅವಳನ್ನು ವೈನಿ ಎನ್ನುತ್ತಿದ್ದೆ. ನನ್ನ ಅಣ್ಣನ ಹೆಂಡತಿಯೇನಲ್ಲ; ಇಂಡಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಂಗಳದ ಆಚೆ ಬದಿಯ ಖೋಲಿಯಲ್ಲಿದ್ದಳು. ನಾನು ಲಚ್ಯಾಣದ ಶಾಲೆಗೆ ಪಾಠ ಹೇಳಲು ಹೋಗಿ ಬರುತ್ತಿದ್ದೆ. ನನ್ನ ಗಂಡನಿಗೆ ಮುದ್ದೇಬಿಹಾಳದಲ್ಲಿ ಕೆಲಸ. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಅವಳ ಗಂಡ ಲಿಂಬೆಹಣ್ಣಿನ ಲಾರಿ ಓಡಿಸುತ್ತಿದ್ದ, ವಾರಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಹೀಗಾಗಿ ಅಂಗಳದ ಎರಡೂ ಬದಿಗೆ ಒಬ್ಬೊಬ್ಬ ಹೆಂಗಸು, ಮತ್ತು ಮಕ್ಕಳು.

ನನಗೆ ಮಗಳು ಹುಟ್ಟಿ ಹೆರಿಗೆ ರಜೆ ಮುಗಿಯುತ್ತ ಬಂದಾಗ ನೌಕರಿ ಬಿಡುವುದೆಂದು ತೀರ್ಮಾನಿಸಿದ್ದೆ. ಕೂಸನ್ನು ನೋಡಿಕೊಳ್ಳಲು ಅತ್ತೆಯೂ ಇರಲಿಲ್ಲ, ತಾಯಿಯೂ ಇರಲಿಲ್ಲ. ವೈನಿಗೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಸಾಲಿ ಬಿಡಬ್ಯಾಡ್ರಿ ಅಕ್ಕಾರ. ಕೂಸಿನ್ನ ಇಲ್ಲಿ ಹಾಕಿ ಹೋಗ್ರಿ. ಈ ಕೌದಿ ಬಿಟ್ಟ ನಾ ಎಲ್ಲಿ ಎದ್ದ ಹೋಗ್ತೇನಿ?"

ಅಷ್ಟೇ ಮಾತು. ಮರುವಾರದಿಂದ ಅವಳ ಜಂತಿಗೆ ಎರಡನೆಯ ತೊಟ್ಟಿಲು ಬಂತು.

ಸುತ್ತಲಿನ ಹಳ್ಳಿಗಳಿಂದ ಜನ ಅವಳಲ್ಲಿಗೆ ಹಳೆಯ ಸೀರೆ, ಧೋತರಗಳ ಗಂಟು ತರುತ್ತಿದ್ದರು. ಅವಳು ಒಗೆದು ಒಣಗಿಸಿ, ಪದರ ಪದರವಾಗಿ ಹಾಸಿ, ಸರಿಯದಂತೆ ಮೂಲೆಗಳಿಗೆ ನೀರು ತುಂಬಿದ ತಂಬಿಗೆ ಇಟ್ಟು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಿದ್ದಳು. ಹಾಸಿದ ಕೌದಿಯ ಮೇಲೆ ಉರುಳಾಡುವುದೆಂದರೆ ಮಕ್ಕಳಿಗೆ ಖುಷಿ. ಯಾವುದಾದರೂ ಕೂಸು ಅಲ್ಲೇ ನಿದ್ದೆಹೋದರೆ ಎತ್ತುತ್ತಿರಲಿಲ್ಲ. ಸುತ್ತಲೂ ಹೊಲಿದು, ಕೂಸು ಮಲಗಿದ್ದಷ್ಟು ಜಾಗ ಬಿಟ್ಟು, ಅದು ಏಳುವ ತನಕ ತಲೆದಿಂಬಿನ ಗಲೀಫು ಕೈಗೆತ್ತಿಕೊಳ್ಳುತ್ತಿದ್ದಳು. ಗಲೀಫಿನ ಮೇಲೆ ಹಸಿರು ದಾರದ ಗಿಳಿ ಹಾಕುವುದು ಅವಳ ರೂಢಿ. ಮದುವೆಯ ಮನೆಯವರು ಎರಡು ಗಿಳಿ ಕೇಳುತ್ತಿದ್ದರು.

ಅವಳಿಗೆ ಒಂದೇ ಹೆದರಿಕೆ, ಸೂಜಿಯದು. ಅಂಬೆಗಾಲಿಡುವ ಮಕ್ಕಳಿರುವ ಮನೆ. ಸೂಜಿಗಳನ್ನೆಲ್ಲ ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿದ ಅರಿವೆಯ ಉಂಡೆಯೊಂದಕ್ಕೆ ಚುಚ್ಚಿಡುತ್ತಿದ್ದಳು. ಸಂಜೆ ಅವನ್ನು ಎಣಿಸದೆ ಒಲೆ ಹಚ್ಚುತ್ತಿರಲಿಲ್ಲ.

ಒಂದು ಶನಿವಾರ ಸಂಜೆ ಸೂಜಿಯೊಂದು ಕಡಿಮೆ ಬಿತ್ತು. ಮಕ್ಕಳನ್ನೆಲ್ಲ ಹೊರಸಿನ ಮೇಲೆ ಕೂಡಿಸಿ ನೆಲ ಗುಡಿಸಿದಳು. ಹಳೆಯ ರೇಡಿಯೊದ ಅಯಸ್ಕಾಂತ ತಂದು ಮೂಲೆಮೂಲೆಗೆ ಎಳೆದಾಡಿದಳು. ಮಕ್ಕಳ ಅಂಗಿಗಳನ್ನು ಝಾಡಿಸಿದಳು. ಸಿಗಲಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತು ಹೇಳಿದಳು: "ಮಧ್ಯಾಹ್ನ ತಾಂಬಾದವರು ಕೌದಿ ಒಯ್ದರಲ್ರಿ."

ಅದು ಸಣ್ಣ ಕೌದಿ, ಕೂಸಿನದು. ಮರುದಿನವೇ ತಾಂಬಾ ಊರಿನ ಅವರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಗಂಡನಿಗೆ ಹಚ್ಚಿದಳು. ಅವನು ಎಲ್ಲೋ ಸೊಲ್ಲಾಪುರದ ರಸ್ತೆಯಲ್ಲಿದ್ದ. "ಹುಚ್ಚಿ, ಸುಮ್ನಿರ. ಸೂಜಿ ಮರತೇನಿ ಅಂತ ನೀನ ಹೇಳಿದ್ರ ನಾಳಿಂದ ಯಾರ ಕೆಲಸ ಕೊಡ್ತಾರ?" ಎಂದ. ಬೆಳಿಗ್ಗೆ ಮತ್ತೊಮ್ಮೆ ಫೋನು ಮಾಡಿ ತಿಳಿಸಿದರಾಯಿತು, ಅವರೇ ನೋಡಿಕೊಳ್ಳುತ್ತಾರೆ ಎಂದು ನಾನೂ ಹೇಳಿದೆ.

"ಫೋನಿನ್ಯಾಗ ಹೇಳಿದ್ರ ಮ್ಯಾಲ ಕೈ ಆಡ್ಸಿ ಇಲ್ಲ ಅಂತಾರ್ರಿ. ಪದರಿನ್ಯಾಗ ಹೊಕ್ಕಿದ್ರ ಅವರ ಕೈಗಿ ಸಿಗೂದಿಲ್ಲ."

ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಳು. ನನ್ನ ಗಂಡ ಆ ವಾರ ಬಂದಿರಲಿಲ್ಲ; ನನಗೆ ರಜೆ, ನಾನೂ ಹೊರಟೆ. ದೊಡ್ಡ ಮಕ್ಕಳಿಬ್ಬರನ್ನು ಮನೆಯೊಡತಿಯ ಬಳಿ ಬಿಟ್ಟೆವು. ಸಣ್ಣವನು ಅವಳ ಟೊಂಕದ ಮೇಲೆ, ನನ್ನ ಮಗಳು ನನ್ನ ಟೊಂಕದ ಮೇಲೆ.

ನಾವು ತಲುಪಿದಾಗ ಅಂಗಳದಲ್ಲಿ ಪೆಂಡಾಲು ಹಾಕಿತ್ತು, ಹೆಂಗಸರು ತುಂಬಿದ್ದರು. ತೊಟ್ಟಿಲಿಗೆ ಹೂ ಕಟ್ಟಿ ಆಗಿತ್ತು. ಕೌದಿ ಅದರೊಳಗೇ ಇತ್ತು, ಕೂಸು ಇನ್ನೂ ಬಾಣಂತಿಯ ತೊಡೆಯ ಮೇಲಿತ್ತು. ವೈನಿ ನೇರವಾಗಿ ಬಾಣಂತಿಯ ತಾಯಿಯ ಬಳಿ ಹೋದಳು.

"ಆಯೀ, ನಾ ಹೊಲದ ಕೌದಿ ಸ್ವಲ್ಪ ಕೊಡ್ರಿ. ಸೂಜಿ ಒಂದ ಕಳದೈತಿ. ಇದರಾಗ ಐತೇನೋ ನೋಡಬೇಕ್ರಿ."

"ಏನಂದಿ? ಕೂಸಿನ ಕೌದ್ಯಾಗ ಸೂಜಿ?"

"ಇರಬಹುದ್ರಿ. ಇಲ್ಲದನೂ ಇರಬಹುದು. ಬಿಚ್ಚಿ ನೋಡ್ತೇನಿ."

"ಕೂಸಿನ್ನ ತೊಟ್ಟಿಲಿಗಿ ಹಾಕೂ ಹೊತ್ತಿನ್ಯಾಗ ಕೌದಿ ಹರೀತಾರೇನ ಯಾರರೆ? ಅಪಶಕುನದಾಕಿ!"

"ಹರಿಯೂದಿಲ್ರಿ, ದಾರ ಬಿಚ್ಚತೇನಿ. ಇಲ್ಲೇ ಕುಂತ ಮತ್ತ ಹೊಲದ ಕೊಡ್ತೇನಿ. ಬೇಕಾರ ನನ್ನ ಬೈರಿ. ಕೂಸಿನ್ನ ಮಾತ್ರ ಅದರ ಮ್ಯಾಲ ಹಾಕಬ್ಯಾಡ್ರಿ."

ಅಷ್ಟೊತ್ತಿಗೆ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಮುದುಕಿ ಇನ್ನೇನೋ ಅನ್ನುವವಳಿದ್ದಳು. ಬಾಣಂತಿ ಮೆಲ್ಲಗೆ ಹೇಳಿದಳು, "ಯವ್ವಾ, ಕೊಡ. ನೋಡ್ಲಿ."

ವೈನಿ ಪೆಂಡಾಲಿನ ಮೂಲೆಯಲ್ಲಿ ಕೂತು ಮೊದಲು ಎರಡೂ ಅಂಗೈಯಿಂದ ಕೌದಿಯನ್ನು ಚೂರುಚೂರೇ ಒತ್ತಿ ನೋಡಿದಳು. ಆಮೇಲೆ ದಾರ ಬಿಚ್ಚಿದಳು. ಪದರುಗಳ ನಡುವೆ ಸಿಕ್ಕಿದ್ದು ಒಣಗಿದ ಜೋಳದ ರೊಟ್ಟಿಯ ಒಂದು ಚೂರು. ಕೌದಿ ಹಸಿದಿರಬಾರದೆಂದು ಕಡೆಯ ಮೂಲೆ ಮುಚ್ಚುವ ಮುಂಚೆ ಅವಳೇ ಇಡುತ್ತಿದ್ದ ಚೂರು ಅದು. ಸೂಜಿ ಇರಲಿಲ್ಲ. ಒಬ್ಬಾಕೆ ನಕ್ಕಳು, ಉಳಿದವರೂ ನಕ್ಕರು. ವೈನಿ ರೊಟ್ಟಿಯ ಚೂರನ್ನು ಮೊದಲಿದ್ದಲ್ಲೇ ಇಟ್ಟು ಹೊಲಿಯತೊಡಗಿದಳು. ಹೊಲಿಗೆ ಮುಗಿಯುವ ತನಕ ಕಾರ್ಯ ನಿಂತಿತ್ತು. ಯಾರೂ ನಮಗೆ ಊಟಕ್ಕೆ ಏಳಿ ಎನ್ನಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಂಡಿ ಹತ್ತಿರ ಬಂದಾಗ ಒಂದು ಮಾತು ಆಡಿದಳು: "ಇರಲಿಲ್ಲಲ್ರಿ, ಚಲೋ ಆತು."

ಗಂಡ ಹೇಳಿದಂತೆಯೇ ಆಯಿತು. 'ಸೂಜಿ ಮರೆಯಾಕಿ' ಎಂಬ ಹೆಸರು ಅವಳಿಗಿಂತ ಮುಂಚೆ ಹಳ್ಳಿಗಳನ್ನು ಮುಟ್ಟಿತು. ಗಂಟು ತರುವವರು ಕಡಿಮೆಯಾದರು. ಅವಳು ಸಿಂದಗಿಯ ಅಂಗಡಿಯೊಂದಕ್ಕೆ ಗಲೀಫು ಹೊಲಿದು ಕಳಿಸತೊಡಗಿದಳು. ಅದರಲ್ಲಿ ಕೆಲಸ ಹೆಚ್ಚು, ಕೈಗೆ ಬರುವುದು ಕಡಿಮೆ. ಕಳೆದ ಸೂಜಿ ಕೊನೆಗೂ ಸಿಗಲಿಲ್ಲ. ಆಮೇಲೆ ಅವಳು ಎರಡೂ ಕೂಸುಗಳನ್ನು ಆ ನೆಲದ ಮೇಲೆ ಬರಿದೆ ಬಿಡಲಿಲ್ಲ. ದಪ್ಪ ಜಮಖಾನೆ ಹಾಸಿಯೇ ಬಿಡುತ್ತಿದ್ದಳು. ತಾಂಬಾಕ್ಕೆ ಹೋದದ್ದು ತಪ್ಪಾಯಿತೇ ಎಂದು ಒಮ್ಮೆ ಕೇಳಿದೆ. ಪ್ರಶ್ನೆಯೇ ತಿಳಿಯದವಳಂತೆ ನನ್ನನ್ನು ನೋಡಿದಳು.

ಕೆಲವು ವರ್ಷಗಳ ಮೇಲೆ ಅದೇ ಬಾಣಂತಿ, ಅಗರಖೇಡದ ತನ್ನ ಗಂಡನ ಮನೆಯಿಂದ, ಗಂಟು ಹೊತ್ತುಕೊಂಡು ಬಂದಳು. ಎರಡನೆಯ ಬಸಿರು. ಅಂದಿನ ಕೂಸು ಅವಳ ಸೆರಗು ಹಿಡಿದು ನಡೆದು ಬಂದಿತ್ತು. ವೈನಿ ಗಂಟನ್ನು ತಟ್ಟನೆ ಮುಟ್ಟಲಿಲ್ಲ.

"ನಿಮ್ಮವ್ವ ಏನಂತಾರ?"

"ಅವ್ವಂದ ಬಿಡ್ರಿ. ಕೂಸಿಗಿ ಚುಚ್ಚೀತು ಅಂತ ಇಂಡಿಯಿಂದ ಬಸ್ ಹತ್ತಿ ಬಂದಾಕಿ ನೀವ. ನಂಗ ನೀವ ಹೊಲದದ್ದ ಬೇಕು."

ವೈನಿ ಗಂಟು ಒಳಗೊಯ್ದಳು. ಹೊರಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಾಗ ಮುಖ ತೊಳೆದುಕೊಂಡಿದ್ದಳು. ಆ ವರ್ಷದಿಂದ ಅಗರಖೇಡದ ಕಡೆಯ ಗಂಟುಗಳು ಬರತೊಡಗಿದವು. ತಾಂಬಾದವರು ಕೊನೆಗೂ ಬರಲಿಲ್ಲ.

ಮಗಳು ಶಾಲೆಗೆ ಸೇರಿದ ಮೇಲೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನು, ಅಪರೂಪಕ್ಕೆ ಭೇಟಿ. ಅವಳು ನನ್ನ ಬಗ್ಗೆ ಕೇಳುತ್ತಿದ್ದುದು ಕಡಿಮೆ. ಫೋನು ನನ್ನ ಮಗಳ ಕೈಗೇ ಹೋಗಬೇಕು. ಮಗಳು ಅವಳನ್ನು ದೊಡ್ಡವ್ವ ಎನ್ನುತ್ತಿದ್ದಳು. ನಾನು ಇಂದಿಗೂ ಪಾಠ ಹೇಳುತ್ತಿದ್ದೇನೆ, ಸಂಬಳ ಎಣಿಸುತ್ತಿದ್ದೇನೆ. ಅವಳು ಅಂದು ತಲೆ ಎತ್ತದೆ ಆಡಿದ ಆ ಮಾತು ಇಲ್ಲದಿದ್ದರೆ ಎರಡೂ ಇರುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ವೈನಿ ಮೂತ್ರಪಿಂಡ ಕೆಟ್ಟು ವಿಜಯಪುರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸುದ್ದಿ ತಿಳಿಸಿದ್ದು ಅವಳ ದೊಡ್ಡ ಮಗಳು. ನಾನೂ ಪಿಯುಸಿ ಓದುತ್ತಿರುವ ನನ್ನ ಮಗಳೂ ಇಂಡಿಗೆ ಹೋದಾಗ ಮಣ್ಣಿಗೆ ಒಯ್ಯುವ ಸಿದ್ಧತೆ ನಡೆದಿತ್ತು. ದೊಡ್ಡ ಮಗಳು ನನ್ನನ್ನು ಬದಿಗೆ ಕರೆದಳು.

"ದವಾಖಾನ್ಯಾಗ ಮಕ್ಕಳ ಎಷ್ಟು ಅಂತ ಕೇಳಿದ್ರ ಅವ್ವ ನಾಕ ಅಂದ್ಲರಿ. ಮೂರ ಅಂತ ನಾ ಅಂದೆ. ಸಿಟ್ಟಿಗೆದ್ದಳು. ನಾಕ ಬರಕೋರಿ ಅಂತ ನರ್ಸಗ ಹೇಳಿದ್ಲು."

ಮಣ್ಣು ಕೊಡುವ ಹೊತ್ತಿಗೆ ಹಿರಿಯರೊಬ್ಬರು ಮಕ್ಕಳು ಮುಂದೆ ಬರ್ರಿ ಎಂದರು. ಮೂವರು ಮುಂದೆ ಹೋದರು. ದೊಡ್ಡವಳು ಹಿಂದಿರುಗಿ ನೋಡಿ, ನನ್ನ ಮಗಳ ಕೈ ಹಿಡಿದು ಎಳೆದುಕೊಂಡಳು. ಹೆತ್ತ ಮಕ್ಕಳ ಸಾಲಿನಲ್ಲಿ ಕಡೆಯವಳಾಗಿ ನಿಂತು ನನ್ನ ಮಗಳೂ ಒಂದು ಹಿಡಿ ಮಣ್ಣು ಹಾಕಿದಳು.