ನಾದಿನಿಯ ಸಾವಯವ ಅಂಗಡಿ

ನನ್ನ ಹೆಂಡತಿಯ ಚಿಕಿತ್ಸೆ ಮುಗಿದ ಮೇಲೆ ಮನೆಗೆ ತರಕಾರಿ ತರುವ ಕೆಲಸ ನನ್ನ ಪಾಲಿಗೆ ಬಂತು. ಆಸ್ಪತ್ರೆಯವರು ಇಂಥದ್ದೇ ತಿನ್ನಬೇಕು ಎಂದೇನೂ ಹೇಳಿರಲಿಲ್ಲ. ಚೆನ್ನಾಗಿ ತೊಳೆದು ಬೇಯಿಸಿ ತಿನ್ನಿ ಅಂದಿದ್ದರು, ಅಷ್ಟೆ. ಆದರೆ ನೋಡಲು ಬಂದವರೆಲ್ಲ ಕಾಫಿ ಕುಡಿದು ಹೊರಡುವಾಗ ಒಂದೇ ಮಾತು ಹೇಳಿಹೋಗುತ್ತಿದ್ದರು: ಈಗಿನ ತರಕಾರಿಯಲ್ಲಿ ಬರೀ ಔಷಧಿ, ಹುಷಾರು. ಕೊನೆಗೆ ಒಂದು ದಿನ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ, "ಇದಕ್ಕೆ ಏನೇನು ಹೊಡೆದಿರ್ತಾರೋ" ಎಂದು ಮೊರವನ್ನು ಪಕ್ಕಕ್ಕೆ ಸರಿಸಿಬಿಟ್ಟಳು. ಅವತ್ತಿನ ಸಾರಿಗೆ ಸೊಪ್ಪು ಬೀಳಲಿಲ್ಲ.

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ದೊಡ್ಡ ಅಂಗಡಿಗಳಲ್ಲಿ ಹಸಿರು ಚೀಟಿ ಅಂಟಿಸಿದ ಸೌತೆಕಾಯಿಗಳು ಪ್ಲಾಸ್ಟಿಕ್ಕಿನೊಳಗೆ ಬೆವರುತ್ತಿದ್ದವು. ಪಾರ್ಕಿನ ಪಕ್ಕ ಭಾನುವಾರ ಅಂಗಡಿ ಹಾಕುತ್ತಿದ್ದವನೊಬ್ಬ "ನೂರಕ್ಕೆ ನೂರು ಆರ್ಗ್ಯಾನಿಕ್ ಸಾರ್" ಎನ್ನುತ್ತಿದ್ದ. ಎಲ್ಲಿ ಬೆಳೆದದ್ದು ಎಂದರೆ ಒಂದು ವಾರ ಹುಣಸೂರು, ಮುಂದಿನ ವಾರ ಟಿ. ನರಸೀಪುರ. ಇನ್ನೊಂದು ಕಡೆ ಸರ್ಟಿಫಿಕೇಟ್ ಕೇಳಿದೆ. ಕೊಟ್ಟರು. ಅದು ಅಕ್ಕಿಯದು. ನಾನು ಕೈಯಲ್ಲಿ ಹಿಡಿದಿದ್ದದ್ದು ಟೊಮೇಟೊ.

ಆ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿಯ ತಂಗಿ ಒಂಟಿಕೊಪ್ಪಲಿನ ತನ್ನ ಮನೆಯ ಕಾರ್ ಶೆಡ್ಡಿನಲ್ಲಿ ಸಾವಯವ ತರಕಾರಿ ಅಂಗಡಿ ತೆರೆದಳು. ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವಳು, ಅದನ್ನು ಬಿಟ್ಟು ಮನೆಯಲ್ಲಿದ್ದಳು. ಕಡಕೊಳ ದಾಟಿದ ಮೇಲೆ ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುವ ಒಂದು ತೋಟವಿದೆ, ಮಾಲು ಅಲ್ಲಿಂದ ಬರುತ್ತದೆ, ತಾನೇ ಹೋಗಿ ನೋಡಿ ಬಂದಿದ್ದೇನೆ ಎಂದಳು. ನಮಗೆ ಹುಡುಕುವ ಕಷ್ಟ ತಪ್ಪಿತು. ನಾನು ಹೋಗುವಷ್ಟರಲ್ಲಿ ಅಕ್ಕನ ಚೀಲವನ್ನು ತುಂಬಿ ಒಳಗೆ ಬೇರೆ ಇಟ್ಟಿರುತ್ತಿದ್ದಳು. ನನ್ನ ಹೆಂಡತಿ ಮತ್ತೆ ಕೂತು ಸೊಪ್ಪು ಬಿಡಿಸತೊಡಗಿದಳು.

ಬೇಸಿಗೆಯ ಒಂದು ಶುಕ್ರವಾರ ಬೆಳಿಗ್ಗೆ ಪೂಜೆಗೆ ಹೂವು, ವೀಳ್ಯದೆಲೆ ತರಲು ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದೆ. ಎಲೆ ಕೊಂಡು ತರಕಾರಿ ಸಾಲಿನ ಕಡೆಯಿಂದ ಹೊರಗೆ ಬರುವಾಗ, ಬೀನ್ಸ್ ಮೂಟೆಯನ್ನು ಆಟೋಗೆ ಹಾಕಿಸುತ್ತಾ ನಿಂತಿದ್ದವಳು ನನ್ನ ನಾದಿನಿ. ಪಕ್ಕದಲ್ಲಿ ಕ್ಯಾರೆಟ್ಟಿನ ಮೂಟೆಯೂ ಇತ್ತು. ಅವಳೂ ನನ್ನನ್ನು ನೋಡಿದಳು. ಆಟೋದವನಿಗೆ ಸ್ವಲ್ಪ ನಿಲ್ಲು ಎಂದು ಹೇಳಿ ಹತ್ತಿರ ಬಂದಳು.

"ಭಾವ, ತೋಟದಲ್ಲಿ ಏನೂ ಇಲ್ಲ. ಬಂದೋರೆಲ್ಲ ಬೀನ್ಸ್ ಎಲ್ಲಿ, ಕ್ಯಾರೆಟ್ ಎಲ್ಲಿ ಅಂತಾರೆ. ಇಲ್ಲ ಇಲ್ಲ ಅಂತಿದ್ರೆ ಆಮೇಲೆ ಬರೋದೇ ಇಲ್ಲ. ಅದಕ್ಕೇ ಸೇರಿಸ್ಬುಟ್ಟೆ."

ನಾನು ಮೂಟೆಗಳ ಕಡೆ ನೋಡಿದೆ.

"ಅಕ್ಕನ ಚೀಲಕ್ಕೆ ಮಾತ್ರ ಹಾಕಿಲ್ಲ ಭಾವ."

"ಹೋದ ವಾರ ನಮ್ಮ ಚೀಲದಲ್ಲಿ ಬೀನ್ಸ್ ಇತ್ತಲ್ಲಮ್ಮ."

ಅವಳು ತಲೆ ತಗ್ಗಿಸಿದಳು. ಆಟೋದವನು ಹಾರ್ನ್ ಮಾಡಿದ. ಹೋಗಿ ಕೂತಳು.

ಮನೆಯಲ್ಲಿ ಹೇಳಲೋ ಬೇಡವೋ ಎಂದು ನಾಲ್ಕಾರು ದಿನ ಕಳೆದೆ. ಅಂಗಡಿಗೆ ಹೋಗುವ ದಿನ ಬಂದರೂ ನಾನು ಚೀಲ ತೆಗೆಯದೆ ಕೂತದ್ದನ್ನು ನೋಡಿ ನನ್ನ ಹೆಂಡತಿಯೇ ಕೇಳಿದಳು. ಹೇಳಿದೆ. ನನಗೆ ಬಂದಷ್ಟು ಸಿಟ್ಟೂ ಅವಳಿಗೆ ಬಂದಂತೆ ಕಾಣಲಿಲ್ಲ. ಫೋನ್ ತೆಗೆದುಕೊಂಡು ತಂಗಿಗೆ "ಸಾಯಂಕಾಲ ಬಾ" ಎಂದಷ್ಟೇ ಹೇಳಿ ಇಟ್ಟಳು.

ಸಾಯಂಕಾಲ ಅಕ್ಕ ತಂಗಿ ಅಡುಗೆಮನೆಯಲ್ಲಿ ಕೂತರು. ನಾನು ನಡುಮನೆಯಲ್ಲಿದ್ದೆ. ಮಾತು ಕೇಳಿಸುತ್ತಿತ್ತು.

"ಇಲ್ಲ ಅಂದಿದ್ರೆ ತಿನ್ನದೆ ಇರ್ತಿದ್ದೆ ಕಣೆ. ನಂಬಿಸಿ ಯಾಕೆ ಕೊಟ್ಟೆ?"

ತಂಗಿ ಅಳುತ್ತಿದ್ದಳು. "ನೀನು ಸರಿಯಾಗಿ ಊಟಾನೇ ಮಾಡ್ತಿರ್ಲಿಲ್ಲ ಅಕ್ಕ. ಅವತ್ತು ಫೋನಲ್ಲಿ ನೀನೇ ಬೀನ್ಸ್ ಪಲ್ಯ ತಿನ್ನೋಣ ಅನ್ನಿಸ್ತಿದೆ ಅಂದೆ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಅದು ನಿಜವಿರಬೇಕು. ಆ ದಿನ ನನ್ನ ಹೆಂಡತಿ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡಿದ್ದಳು. ಚಿಕಿತ್ಸೆ ಶುರುವಾದಾಗಿನಿಂದ ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ಒಳಗೆ ಲೋಟಕ್ಕೆ ನೀರು ಬಗ್ಗಿಸಿದ ಸದ್ದಾಯಿತು. ಆಮೇಲೆ ನನ್ನ ಹೆಂಡತಿಯ ದನಿ ಕೇಳಿಸಿತು: "ಆ ತೋಟ ಅನ್ನೋದಾದ್ರೂ ಇದೆಯಾ? ಇದ್ರೆ ನನ್ನನ್ನ ಕರ್ಕೊಂಡ್ ಹೋಗು."

ತೋಟ ಇತ್ತು. ನಂಜನಗೂಡು ರಸ್ತೆಯಲ್ಲಿ ಕಡಕೊಳದ ಕಾರ್ಖಾನೆಗಳನ್ನು ದಾಟಿ ಮಣ್ಣಿನ ದಾರಿಗೆ ತಿರುಗಿದರೆ ಸಿಗುತ್ತದೆ. ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಚಪ್ಪರದ ಮೇಲೆ ಹೀರೆ ಬಳ್ಳಿ, ನೆಲದಲ್ಲಿ ಸಿಹಿಗುಂಬಳ, ಬದುವಿನಲ್ಲಿ ನುಗ್ಗೆ. ತೋಟದಾಕೆ ಕೈ ಒರೆಸಿಕೊಳ್ಳುತ್ತಾ ಬಂದು ನೆರಳಿಗೆ ಕರೆದು ನೀರು ಕೊಟ್ಟಳು.

"ಬೀನ್ಸ್ ಇಲ್ವಾ?" ನನ್ನ ಹೆಂಡತಿ ಕೇಳಿದಳು.

"ಈ ಬಿಸ್ಲಲ್ಲಿ ಎಲ್ಲಿ ಬತ್ತದೆ ಅವ್ವ. ಕುಂಬಳ ಅದೆ, ತಗೊಂಡೋಗಿ."

"ಪಕ್ಕದ ಹೊಲದೋರು ಔಷಧಿ ಹೊಡೀತಾರಾ?"

"ಒಡೀತಾರೆ. ಗಾಳಿ ಈ ಕಡೆ ಬೀಸುದ್ರೆ ನಮ್ಗೂ ಬತ್ತದೆ. ಅಡ್ಡ ಇರ್ಲಿ ಅಂತ ತೊಗರಿ ಆಕಿವಿ. ಅಷ್ಟೇಯ ನಮ್ ಕೈಲಿ ಆಗದು."

ನಾನು ನಾದಿನಿಯ ಮುಖ ನೋಡಿದೆ. ಇದನ್ನು ಅವಳೂ ಮೊದಲ ಸಲ ಕೇಳುತ್ತಿದ್ದಂತಿತ್ತು. ನನ್ನ ಹೆಂಡತಿ ಮಾತ್ರ "ಸರಿ" ಎಂದು ಕುಂಬಳಕಾಯಿಯನ್ನು ತಾನೇ ಆರಿಸಲು ಎದ್ದಳು. ಬರುವಾಗ ದಾರಿಯುದ್ದಕ್ಕೂ ತಂಗಿಯ ಜೊತೆ ಹುಳಿಗೆ ಎಷ್ಟು ದೊಡ್ಡ ಹೋಳು ಮಾಡಬೇಕೆಂದು ಮಾತಾಡುತ್ತಿದ್ದಳು.

ಮುಂದಿನ ವಾರ ಅಂಗಡಿಯಲ್ಲಿ ಬುಟ್ಟಿಗಳು ಬೇರೆಬೇರೆಯಾದವು. ಒಂದು ಕಡೆ "ತೋಟದ್ದು", ಇನ್ನೊಂದು ಕಡೆ "ಮಾರ್ಕೆಟ್ಟಿನದು" ಎಂದು ನಾದಿನಿ ತನ್ನ ಮೇಷ್ಟ್ರ ಅಕ್ಷರದಲ್ಲಿ ಬರೆದು ನಿಲ್ಲಿಸಿದಳು. ಓದಿದವರು ಹಾಗಾದರೆ ಇಷ್ಟು ದಿನ ಕೊಟ್ಟದ್ದು ಯಾವುದು ಎಂದು ಕೇಳಿದರು. ಹೇಳಿದಳು. ಒಬ್ಬರು ರಸ್ತೆಗೆ ಕೇಳಿಸುವಂತೆ ಬೈದರು. ಕೆಲವರು ಏನೂ ಅನ್ನದೆ ಹೋದರು, ಮತ್ತೆ ಬರಲಿಲ್ಲ. ಮಾರ್ಕೆಟ್ಟಿನದನ್ನು ಮಾರ್ಕೆಟ್ಟಿನಲ್ಲೇ ಕೊಳ್ಳುತ್ತೇವೆ ಎಂದು ಉಳಿದವರು ಅಂದದ್ದರಿಂದ ಆ ಬುಟ್ಟಿಯನ್ನೂ ಎತ್ತಿಬಿಟ್ಟಳು. ಈಗ ತೋಟದ ಗಾಡಿ ಬಂದ ದಿನ ಮಾತ್ರ ಶೆಡ್ಡಿನ ಬಾಗಿಲು ತೆಗೆಯುತ್ತಾಳೆ.

ನನ್ನ ಹೆಂಡತಿ ಆ ದಿನಗಳಲ್ಲಿ ಅಲ್ಲಿಗೆ ಹೋಗಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಮೊದಮೊದಲು ತಂಗಿಯ ಮೇಲೆ ಕಣ್ಣಿಡುವುದಕ್ಕೆ ಎಂದುಕೊಂಡಿದ್ದೆ. ಹಾಗಲ್ಲ, ಅವಳಿಗೆ ಅಲ್ಲಿ ಹೊತ್ತು ಹೋಗುತ್ತದೆ. ಮೊನ್ನೆ ಯಾರೋ ಟೊಮೇಟೊ ಕೇಳಿಕೊಂಡು ಬಂದರು. ನನ್ನ ಹೆಂಡತಿಯೇ ಇಲ್ಲ ಎಂದಳು. ಮತ್ತೆ ಏನಿದೆ ಎಂದರು. "ಹೀರೇಕಾಯಿ ಇದೆ ಕಣ್ರೀ, ಎಳೆಯದು. ಸಿಪ್ಪೆ ಬಿಸಾಡ್ಬೇಡಿ, ಚಟ್ನಿ ಮಾಡಿ" ಎಂದು ತೂಗಿ ಕೊಟ್ಟಳು.